ರೊಟ್ಟಿ ಎಣಿಸದ ಮನೆಯಲ್ಲಿ ಜೀವನಾಂಶದ ಲೆಕ್ಕ

ಇವತ್ತು ಮಾಡಿದ ಕೆಲಸಗಳು: ನಲ್ಲಿಯಲ್ಲಿ ನೀರು ಬರುವ ದಿನವಾದ್ದರಿಂದ ಎದ್ದ ಕೂಡಲೇ ಟ್ಯಾಂಕು, ಡ್ರಮ್ಮು ತುಂಬಿಸಿದೆ. ಪುಟ್ಟಿಯ ಯೂನಿಫಾರ್ಮಿನ ಬಿಚ್ಚಿಹೋದ ಅಂಚು ಹೊಲಿದೆ. ಅಮ್ಮನಿಗೆ ಬಿ.ಪಿ. ಮಾತ್ರೆ ಕೊಟ್ಟೆ. ಅವಲಕ್ಕಿಗೆ ಒಗ್ಗರಣೆ ಹಾಕಿದೆ. ಯಾರೂ ಸರಿಯಾಗಿ ತಿನ್ನಲಿಲ್ಲ. ಸಂಜೆಯ ಪಲ್ಯಕ್ಕೆ ಮೆಂತ್ಯ ಸೊಪ್ಪು ಬಿಡಿಸಿಟ್ಟೆ. ಮನೆಯಲ್ಲಿ ಅಮ್ಮ ಇದ್ದರೂ, ಗ್ಯಾಸ್ ಆಫ್ ಆಗಿದೆಯೋ ಇಲ್ಲವೋ ಎಂದು ಚಪ್ಪಲಿ ಬಿಚ್ಚಿ ಒಳಗೆ ಹೋಗಿ ನೋಡಿ ಬಂದೆ. ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋದವಳು ಮತ್ತೆ ವಾಪಸ್ ಬಂದು ಇನ್ನೊಂದು ಸಲ ನೋಡಿದೆ. ಆಮೇಲೆ ತಂಗಿಯ ಜೊತೆ ಶಿವಮೊಗ್ಗದ ಬಸ್ ಹತ್ತಿದೆ. ಇವತ್ತು ಫ್ಯಾಮಿಲಿ ಕೋರ್ಟಿನಲ್ಲಿ ಆರ್ಡರ್ ಇತ್ತು.

ಪುಟ್ಟಿ ನನ್ನ ತಂಗಿಯ ಮಗಳು. ಎರಡನೇ ಕ್ಲಾಸು. ತಾಯಿ ಮಗಳು ಇಬ್ಬರೂ ಮಲವಗೊಪ್ಪದ ನಮ್ಮ ಮನೆಗೆ ಬಂದು ಈಗ ಎರಡು ವರ್ಷದ ಮೇಲಾಯಿತು. ನನ್ನ ಮಗಳು ಮದುವೆಯಾಗಿ ದಾವಣಗೆರೆಗೆ ಹೋದ ಮೇಲೆ ಖಾಲಿ ಬಿದ್ದಿದ್ದ ಕೋಣೆ ಅವರದಾಯಿತು. ತಂಗಿಗೆ ಶಂಕರಘಟ್ಟದ ಒಂದು ಹಾಸ್ಟೆಲ್ ಆಫೀಸಿನಲ್ಲಿ ಗುತ್ತಿಗೆ ಕೆಲಸ. ಅವಳ ಗಂಡನಿಗೆ ಭದ್ರಾವತಿ ಓಲ್ಡ್ ಟೌನಿನಲ್ಲಿ ಲೇತ್ ಅಂಗಡಿ. ತನ್ನ ತಾಯಿಯ ಜೊತೆ ಅಲ್ಲೇ ಇದ್ದಾನೆ. ದಿನಾ ಬೆಳಿಗ್ಗೆ ಶಂಕರಘಟ್ಟಕ್ಕೆ ಹೋಗುವ ದಾರಿಯಲ್ಲಿ ಭದ್ರಾವತಿ ಬಂದ ಕೂಡಲೇ ನನ್ನ ತಂಗಿ ಕಿಟಕಿಯ ಸೀಟು ಬಿಟ್ಟು ಒಳಗಡೆಗೆ ಸರಿಯುತ್ತಾಳಂತೆ. ಅದನ್ನು ನನಗೆ ಹೇಳಿದ್ದು ಅವಳಲ್ಲ, ಆ ದಾರಿಯಲ್ಲಿ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಆಗಿರುವ ನಮ್ಮನೆಯವರು.

ತಂಗಿಯೂ ಗಂಡನೂ ಏಕೆ ಬೇರೆಯಾದರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರಿಬ್ಬರಿಗೆ ಸೇರಿದ್ದು. ನನಗೆ ಗೊತ್ತಿರುವುದು ಮಾಳಿಗೆಯ ಮೇಲಿನ ಫೋನ್ ಮಾತ್ರ. ಮಗುವಿಗೆ ದುಡ್ಡು ಕೊಡುವುದಿಲ್ಲ ಎಂದು ಅವನು ಒಮ್ಮೆಯೂ ಅಂದವನಲ್ಲ. ಆದರೆ ತಾನಾಗಿ ಕಳಿಸಿದವನೂ ಅಲ್ಲ. ಪ್ರತಿ ತಿಂಗಳೂ ತಂಗಿ ಒಣಗಿದ ಬಟ್ಟೆ ತರುವ ನೆಪದಲ್ಲಿ ಮಾಳಿಗೆಗೆ ಹೋಗಿ ಫೋನ್ ಮಾಡುತ್ತಿದ್ದಳು. ನಾನು ಕೆಳಗೆ ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. “ಹಲೋ” ಅನ್ನುವಾಗಲೇ ಅವಳ ದನಿ ಬೇರೆಯಾಗುತ್ತಿತ್ತು. ಅಂಗಡಿಯಲ್ಲಿ ಬಾಕಿ ಇಟ್ಟವರು ಅಂಗಡಿಯವನ ಹತ್ತಿರ ಮಾತಾಡುವ ದನಿ. ಬಾಕಿ ಇದ್ದದ್ದು ಅವನದು, ಆ ದನಿ ಇವಳದು. ಒಂದು ತಿಂಗಳು ಎರಡು ಸಾವಿರ ಬರುತ್ತಿತ್ತು, ಮುಂದಿನ ತಿಂಗಳು ಏನೂ ಇಲ್ಲ, ಅದರ ಮುಂದಿನ ತಿಂಗಳು “ನೋಡೋಣ” ಎಂಬ ಮಾತು. ತಂಗಿ ಕೋರ್ಟಿಗೆ ಹೋದದ್ದು ಅವನನ್ನು ಬಗ್ಗಿಸಲಿಕ್ಕಲ್ಲ. ಆ ಫೋನ್ ನಿಲ್ಲಿಸಲಿಕ್ಕೆ. ತನಗೆ ಒಂದು ರೂಪಾಯಿಯೂ ಬೇಡ, ಮಗುವಿನದು ಮಾತ್ರ ಕೇಳದೆಯೇ ಬರಬೇಕು ಎಂಬುದು ಅವಳ ಹಟವಾಗಿತ್ತು.

ಅರ್ಜಿ ಹಾಕಿದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಒಂದು ಕಡೆ ಕೂರಲು ಆಗದಂತಾಯಿತು. ಎಷ್ಟು ಕೊಡಿಸುತ್ತಾರೆ? ಕೇಳಿದವರೆಲ್ಲ ಒಂದೊಂದು ಸೂತ್ರ ಹೇಳಿದರು. “ದುಡಿಮೇಲಿ ಮೂರ್ನೇ ಒಂದು ಭಾಗ, ಕಣ್ಣು ಮುಚ್ಕೊಂಡು ಕೊಡಿಸ್ತಾರೆ,” ಎಂದರು ನಮ್ಮನೆಯವರು. ಬಸ್ಸಿನಲ್ಲಿ ಯಾರೋ ಹೇಳಿದ್ದಂತೆ. “ಕಾಲು ಭಾಗ ಅಂತೆ ಕಣಕ್ಕ,” ಎಂದಳು ಪಕ್ಕದ ಮನೆಯವಳು. ತರಕಾರಿ ಗಾಡಿಯವಳು ಬದನೆಕಾಯಿ ತೂಗುತ್ತಾ, “ಹೆಣ್ ಮಗು ಅಲ್ವಾ, ಮದ್ವೆ ಖರ್ಚೂ ಸೇರಿಸ್ತಾರೆ, ನೀವ್ಯಾಕೆ ಹೆದರ್ತೀರ?” ಎಂದು ಎರಡು ಕಾಯಿ ಜಾಸ್ತಿ ಹಾಕಿದಳು. ನಾನು ಒಗ್ಗರಣೆ ಹಾಕುವಾಗಲೂ ಮೂರನೇ ಒಂದು, ನಾಲ್ಕನೇ ಒಂದು ಎಂದು ಭಾಗಿಸುತ್ತಾ ಸಾಸಿವೆ ಕರಕಲು ಮಾಡಿಕೊಳ್ಳುತ್ತಿದ್ದೆ.

ನಮ್ಮ ವಕೀಲೆ ಚಿಕ್ಕ ವಯಸ್ಸಿನವರು. ಅವರ ಆಫೀಸಿಗೆ ಹೋಗಿ ನಾನೇ ಕೇಳಿಬಿಟ್ಟೆ: “ಇದರಲ್ಲಿ ಯಾವುದು ಸರಿ ಮೇಡಂ?”

“ಯಾವುದೂ ಅಲ್ಲ ಅಕ್ಕ,” ಎಂದು ನಕ್ಕರು. “ಇಷ್ಟು ಸಂಬಳಕ್ಕೆ ಇಷ್ಟು ಅಂತ ಬರೆದಿಟ್ಟಿರೋ ಪಟ್ಟಿ ನಮ್ಮ ಕಾನೂನಲ್ಲಿಲ್ಲ. ಅಪ್ಪಂಗೆ ಎಷ್ಟು ಬರುತ್ತೆ, ಅಮ್ಮಂಗೆ ಎಷ್ಟು ಬರುತ್ತೆ, ಮಗುಗೆ ಏನೇನು ಬೇಕು, ಎಲ್ರೂ ಒಟ್ಟಿಗಿದ್ದಾಗ ಅದು ಹೇಗೆ ಬದುಕ್ತಿತ್ತು, ಅಪ್ಪನ ಮೇಲೆ ಬೇರೆ ಯಾರ ಭಾರ ಇದೆ, ಎಲ್ಲಾ ನೋಡ್ತಾರೆ. ನೋಡಿ, ನ್ಯಾಯ ಅನ್ಸಿದ ಒಂದು ಮೊತ್ತ ಹೇಳ್ತಾರೆ.”

“ಅಂದ್ರೆ, ಉಪ್ಪು ರುಚಿಗೆ ತಕ್ಕಷ್ಟು.”

“ಹಂಗೇ ಅಂದ್ಕೊಳಿ. ಆದ್ರೆ ಪಾತ್ರೆಗೆ ಏನೇನು ಬೀಳುತ್ತೆ ಅಂತ ನಾವೇ ಬರ್ಕೊಡ್ಬೇಕು. ಅವರಿಗೆ ಹೇಗೆ ಗೊತ್ತಾಗುತ್ತೆ?”

ಹಾಗೆ ಬರೆದುಕೊಡುವುದಕ್ಕೆ ಅಫಿಡವಿಟ್ ಎನ್ನುತ್ತಾರೆ. ಎರಡೂ ಕಡೆಯವರು ತಮ್ಮ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ಒಂದು ಭಾನುವಾರ ತಂಗಿ ನಡುಮನೆಯಲ್ಲಿ ಹಾಳೆಗಳನ್ನು ಹರಡಿಕೊಂಡು ಕೂತಳು. ಸ್ಕೂಲ್ ಫೀಸು, ವ್ಯಾನು, ಪುಸ್ತಕ, ಬಟ್ಟೆ, ಡಾಕ್ಟರು, ಎಲ್ಲವೂ ಸಲೀಸಾಗಿ ಮುಗಿದವು. “ಊಟೋಪಚಾರ” ಎಂಬ ಸಾಲು ಬಂತು. ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಿದಳು.

“ಅದೊಂದು ಬರೀಬೇಡ.”

“ಬರೀಬೇಕಂತೆ ಅಮ್ಮ.”

“ಮಗು ತಿನ್ನೋದನ್ನ ಬರೀತಾರೇನೇ? ಬಿಡು ಅತ್ಲಾಗೆ.”

ಅಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಮಕ್ಕಳಿಗೆ ಅಕ್ಕಿರೊಟ್ಟಿಯನ್ನು ಇಡಿಯಾಗಿ ಹಾಕುವುದಿಲ್ಲ. ಹೆಂಚಿನಿಂದ ತೆಗೆದ ರೊಟ್ಟಿಯನ್ನು ಅಮ್ಮ ಕೈ ಸುಟ್ಟರೂ ಅಲ್ಲೇ ಮುರಿದು, ಚೂರು ಚೂರಾಗಿ ತಟ್ಟೆಗೆ ಹಾಕುತ್ತಾಳೆ. ಎಷ್ಟು ರೊಟ್ಟಿ ತಿಂದಿತು ಎಂದು ಬಡಿಸಿದವರಿಗೂ ತಿಳಿಯಬಾರದು, ತಿಂದ ಮಗುವಿಗೂ ತಿಳಿಯಬಾರದು. ತುತ್ತು ಎಣಿಸಿದರೆ ತುತ್ತು ಕಮ್ಮಿಯಾಗುತ್ತದೆ ಎಂಬುದು ಅವಳ ನಂಬಿಕೆ. ನಾನೂ ತಂಗಿಯೂ ಹಾಗೇ ತಿಂದು ಬೆಳೆದವರು. ನನ್ನ ಮಗಳಿಗೂ ಹಾಗೇ ಬಡಿಸಿದೆ. ಆದ್ದರಿಂದ ಅಮ್ಮ ಬೇಡ ಎಂದಾಗ ನಾವಿಬ್ಬರೂ ಎದುರಾಡಲಿಲ್ಲ. ಜೊತೆಗೆ ತಂಗಿಗೆ ಬಿಗುಮಾನ ಬೇರೆ. “ನನ್ ಮಗಳು ತಿನ್ನೋ ಅನ್ನಕ್ಕೆ ಅವ್ರ ಹತ್ರ ಬಿಲ್ ಕೇಳ್ಲಾ?” ಎಂದು ಆ ಜಾಗದಲ್ಲಿ ಒಂದು ಗೆರೆ ಎಳೆದುಬಿಟ್ಟಳು. ಟೈಪ್ ಮಾಡಿದವರು ಗೆರೆಯಿದ್ದ ಕಡೆ ಸೊನ್ನೆ ಹಾಕಿದರು. ಸಹಿಯ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ.

ಗಮನಿಸಿದವರು ಎದುರು ಪಾರ್ಟಿಯ ವಕೀಲರು. ವಿಚಾರಣೆಯ ಆ ದಿನ ಅಮ್ಮನೂ ನಮ್ಮ ಜೊತೆ ಕೋರ್ಟಿಗೆ ಬಂದಿದ್ದಳು. ಆ ವಕೀಲರು ಎದ್ದು ನಿಂತು, “ಅರ್ಜಿದಾರರು ಪ್ರಮಾಣ ಮಾಡಿ ಹೇಳಿರೋ ಪ್ರಕಾರವೇ ಮಗುವಿನ ಊಟದ ಖರ್ಚು ಸೊನ್ನೆ. ನಮ್ಮ ಕಕ್ಷಿದಾರರು ಎರಡೂವರೆ ಸಾವಿರ ಕೊಡ್ತೀವಿ ಅಂತಿರೋದೇ ಹೆಚ್ಚು,” ಎಂದರು.

ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ತಂಗಿಯನ್ನು ನೋಡಿದರು. “ಏನಮ್ಮಾ, ಮಗು ಊಟ ಮಾಡಲ್ವಾ?”

“ಮಾಡ್ತಾಳೆ ಮೇಡಂ.”

“ಮತ್ತೆ?”

“ನಮ್ಮನೇಲಿ ಅದನ್ನ ಎಣ್ಸಲ್ಲ ಮೇಡಂ.”

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶೆ ನಗಲಿಲ್ಲ. “ಮನೇಲಿ ಎಣಿಸ್ಬೇಡಿ. ಇಲ್ಲಿ ಎಣಿಸ್ಲೇಬೇಕು. ಎಣಿಸದೇ ಇದ್ರೆ ಕೊಡಿಸೋದು ಹೇಗೆ?” ಎಂದು, ಸರಿಯಾದ ಅಫಿಡವಿಟ್ ಹಾಕಲು ಸಮಯ ಕೊಟ್ಟರು.

ಅವನ ಅಫಿಡವಿಟ್ಟನ್ನೂ ನಮ್ಮ ವಕೀಲೆ ತೋರಿಸಿದರು. ತಿಂಗಳ ಆದಾಯ ಹದಿನೈದು ಸಾವಿರ. ಕಾರಿನ ಕಂತು ಒಂಬತ್ತು, ಮನೆ ಬಾಡಿಗೆ ಮತ್ತು ತಾಯಿಯ ಔಷಧಿ ಐದು, ಪೆಟ್ರೋಲ್ ಎರಡು. ನಾನು ಮನಸ್ಸಿನಲ್ಲೇ ಕೂಡಿ ನೋಡಿದೆ, ಹದಿನಾರು ಬಂತು. ಆ ಲೆಕ್ಕದ ಪ್ರಕಾರ ಅವನೂ ಊಟ ಮಾಡುವುದಿಲ್ಲ.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಅವನ ತಾಯಿ ಕೂತಿದ್ದರು. ಬೇರೆ ಜಾಗವಿಲ್ಲದೆ ಅಮ್ಮನೂ ಅದೇ ಬೆಂಚಿನ ಆ ತುದಿಯಲ್ಲಿ ಕೂತಳು. ಬೀಗಿತ್ತಿಯರು ಇಬ್ಬರೂ ಸ್ವಲ್ಪ ಹೊತ್ತು ಎದುರಿನ ಗೋಡೆ ನೋಡಿದರು.

“ಸೊನ್ನೆ ಅಂತ ಬರ್ಸಿದೀರಲ್ಲ ಬೀಗ್ತಿ,” ಎಂದರು ಅವರು. “ನನ್ ಮೊಮ್ಮಗಳನ್ನ ಉಪವಾಸ ಕೆಡವಿದೀರಾ?”

“ಮತ್ತೆ, ಇಷ್ಟ್ ತಿಂತಾಳೆ ಅಂತ ಬರ್ಸಕ್ಕಾಗುತ್ತಾ? ನೀವಾಗಿದ್ರೆ ಬರ್ಸ್ತಿದ್ರಾ?”

ಅವರು ಸೆರಗು ಸರಿಮಾಡಿಕೊಂಡರು. “ಇಲ್ಲ ಬಿಡಿ. ನಮ್ಮತ್ತೆನೂ ಹಂಗೇ, ದೋಸೆ ಹರಿದು ಹಾಕೋರು.”

“ಮತ್ತೆ ನಿಮ್ ಮಗಂಗೆ ಹೇಳಿ, ಎಣಿಸ್ದೆ ಕೊಡೋದು ಕಲೀಲಿ ಅಂತ.”

“ನನ್ ಮಾತು ಕೇಳೋ ಹಂಗಿದ್ರೆ ನಾನ್ಯಾಕೆ ಮಂಡಿನೋವು ಇಟ್ಕೊಂಡು ಈ ಬೆಂಚಲ್ಲಿ ಕೂತಿರ್ತಿದ್ದೆ ಮಾರಾಯ್ತಿ?”

ಅಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು ಅವರ ಕಡೆ ಸರಿಸಿದಳು. ಅವರು ಎತ್ತಿ ಕುಡಿದರು.

ಮನೆಗೆ ಬಂದ ಮೇಲೆ ಲೆಕ್ಕ ಹಾಕಲೇಬೇಕಾಯಿತು. ಮಗುವಿನ ತಟ್ಟೆಯನ್ನು ಎಣಿಸುವುದು ಬೇಡ, ಇಡೀ ಮನೆಯ ಪಾತ್ರೆಯನ್ನು ಲೆಕ್ಕ ಹಾಕಿ ತಲೆಗೆ ಇಷ್ಟು ಎಂದು ಭಾಗಿಸೋಣ ಎಂದು ನಾನು ಒಂದು ದಾರಿ ಹುಡುಕಿದೆ. ಅಂದಾಜು ಸಾಕು, ಪ್ರಾಮಾಣಿಕವಾಗಿರಲಿ ಎಂದು ವಕೀಲೆಯೂ ಹೇಳಿದ್ದರು. ಅಕ್ಕಿ, ಬೇಳೆ, ಎಣ್ಣೆ, ಗ್ಯಾಸು, ತರಕಾರಿ. ಅಮ್ಮ ಗೊಣಗುತ್ತಲೇ ಒಪ್ಪಿದಳು. ಆದರೆ ಎಷ್ಟು ತಲೆ?

“ನಾವು ನಾಲ್ಕು, ಪುಟ್ಟಿದು ಅರ್ಧ ಟಿಕೆಟ್. ನಾಕೂವರೆ,” ಎಂದರು ನಮ್ಮನೆಯವರು.

“ನಿಮ್ ಬಸ್ಸಲ್ಲಿ ಅರ್ಧ ಟಿಕೆಟ್ಟು ತಾಯಿ ತೊಡೆ ಮೇಲೆ ಕೂರುತ್ತೆ ಅಳಿಯಂದ್ರೆ,” ಎಂದಳು ಅಮ್ಮ. “ಇವ್ಳು ಇಡೀ ತಟ್ಟೆ ಇಟ್ಕೊಂಡು ಕೂರ್ತಾಳೆ. ಫುಲ್ ಟಿಕೆಟ್ ಹರೀರಿ.”

“ಈಗ ತಾನೇ ಎಣಿಸ್ಬಾರ್ದು ಅಂದ್ರಿ!”

“ಎಣಿಸೋದೇ ಆದ್ರೆ ಕಮ್ಮಿ ಯಾಕೆ ಎಣಿಸ್ತೀರ?”

ನನ್ನ ತಂಗಿ ಎಷ್ಟೋ ದಿನದ ಮೇಲೆ ನಕ್ಕಳು. ಕೊನೆಗೆ ಐದು ತಲೆ ಎಂದಾಯಿತು. ಹಾಲು, ಹಣ್ಣು, ಮೊಟ್ಟೆ ಹೆಚ್ಚುಕಮ್ಮಿ ಪೂರ್ತಿ ಪುಟ್ಟಿಯದೇ. ಮೂರು ಸಾವಿರದ ಆಸುಪಾಸು ಬಂತು. ತಂಗಿ ಅದನ್ನು ಬರೆದ ಕೂಡಲೇ ಅಮ್ಮ ಉಪ್ಪು, ಒಣಮೆಣಸಿನಕಾಯಿ ಹಿಡಿದು ಪುಟ್ಟಿಗೆ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು.

ಪುಟ್ಟಿ ಬಾಗಿಲ ಹತ್ತಿರ ಕೂತು ಮಗ್ಗಿ ಬರೆಯುತ್ತಿದ್ದಾಳೆ ಎಂದು ನಾವು ತಿಳಿದಿದ್ದೆವು. ಅವಳು ನಾವು ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಮಾರನೇ ದಿನ ಅಜ್ಜಿ ರೊಟ್ಟಿ ಮುರಿದು ಹಾಕುತ್ತಿದ್ದ ಹಾಗೆಯೇ “ಅಜ್ಜಿ, ಸಾಕು” ಎಂದು ತಟ್ಟೆಗೆ ಕೈ ಅಡ್ಡ ಹಿಡಿದಳು. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡೆವು. ಅದರ ಮಾರನೇ ದಿನವೂ ಹಾಗೇ. ಹಾಲಿನ ಲೋಟವನ್ನು ಅರ್ಧಕ್ಕೇ ಇಟ್ಟಳು. ನಾನು ತಲೆ ಬಾಚುವಾಗ ಮೆಲ್ಲಗೆ ಕೇಳಿದಳು: “ದೊಡ್ಡಮ್ಮಾ, ನಂದು ಮೂರು ಸಾವ್ರ ಆಗೋಯ್ತಾ?”

ನನ್ನ ಕೈಯಲ್ಲಿದ್ದ ಬಾಚಣಿಗೆ ಅವಳ ಕೂದಲಲ್ಲೇ ನಿಂತಿತು. “ಅದು ದೊಡ್ಡವರ ಲೆಕ್ಕ ಪುಟ್ಟೀ. ನಿಂಗೂ ಅದಕ್ಕೂ ಸಂಬಂಧ ಇಲ್ಲ.”

“ಜಾಸ್ತಿ ಆದ್ರೆ ಅಪ್ಪ ಬೈತಾರಾ?”

“ಯಾರೂ ಬೈಯಲ್ಲ.”

ಅವಳು ತಲೆ ಆಡಿಸಿದಳು. ಆ ದಿನ ಟಿಫಿನ್ ಡಬ್ಬಿಯಲ್ಲಿ ಅರ್ಧ ಚಪಾತಿ ಹಾಗೇ ವಾಪಸ್ ಬಂತು. ಅಮ್ಮ ಡಬ್ಬಿ ತೆರೆದು ನನ್ನ ಮುಖ ನೋಡಿದಳು.

ಅವತ್ತು ಸಂಜೆ ತಂಗಿ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ ತಿರುಗಿದಳು. ಆಮೇಲೆ, “ಅರ್ಜಿ ವಾಪಸ್ ತಗೊಂಡ್ಬಿಡ್ತೀನಿ ಅಕ್ಕ,” ಎಂದಳು. “ನಂಗೆ ಬರೋದ್ರಲ್ಲೇ ಹೆಂಗೋ ಮಾಡ್ತೀನಿ. ಬೇಕಾದ್ರೆ ಗವರ್ನಮೆಂಟ್ ಸ್ಕೂಲಿಗೆ ಹಾಕ್ತೀನಿ. ನಾವೆಲ್ಲ ಓದಿಲ್ವಾ?”

“ಸ್ಕೂಲಿನ ಮಾತಲ್ಲ. ವಾಪಸ್ ತಗೊಂಡ್ರೆ ಮತ್ತೆ ಮಾಳಿಗೆ ಮೇಲೆ ಹೋಗಿ ಫೋನ್ ಮಾಡ್ತೀಯ. ಈ ಲೆಕ್ಕ ಕೇಳಿಸ್ಕೊಂಡ ಪುಟ್ಟಿ ಅದನ್ನ ಕೇಳಿಸ್ಕೊಂಡಿರಲ್ವಾ?”

ತಂಗಿ ಹಿತ್ತಿಲ ಬಾಗಿಲಿಗೆ ಒರಗಿ ನಿಂತಳು. ತುಂಬ ಹೊತ್ತು ಉಗುರು ಕಚ್ಚಿದಳು. “ಹಂಗಾದ್ರೆ ಬೇಗ ಮುಗೀಲಿ,” ಎಂದಳು ಅಷ್ಟೇ. ಹೊಸ ಅಫಿಡವಿಟ್ ಹಾಕಿದೆವು. ಅಲ್ಲಿಂದ ಇವತ್ತಿನವರೆಗೆ ಪುಟ್ಟಿ ಹಸಿವಿಲ್ಲ ಎನ್ನುವುದೂ, ಅಮ್ಮ ಅವಳು ನೋಡದಾಗ ಅನ್ನದ ಕೆಳಗೆ ತುಪ್ಪ ಬಚ್ಚಿಡುವುದೂ ನಡೆದೇ ಇತ್ತು.

ಇವತ್ತು ಕೋರ್ಟಿನಲ್ಲಿ ನಮ್ಮ ಕೇಸು ಕರೆಯುವ ತನಕ ತಂಗಿ ಸೀರೆಯ ನೆರಿಗೆ ಮಡಿಸುತ್ತಾ ಬಿಡಿಸುತ್ತಾ ಕೂತಿದ್ದಳು. ಇವತ್ತು ಅವನು ಒಬ್ಬನೇ ಬಂದಿದ್ದ. ಎಣ್ಣೆ ಕಲೆ ಹೋಗದ ಕೈಗಳನ್ನು ಹಿಂದೆ ಕಟ್ಟಿಕೊಂಡು ಕಿಟಕಿಯ ಹತ್ತಿರ ನಿಂತಿದ್ದ. ನ್ಯಾಯಾಧೀಶೆ ಮುಖ್ಯ ಭಾಗವನ್ನಷ್ಟೇ ಓದಿದರು. ನನಗೆ ತಿಳಿದದ್ದು ಇಷ್ಟು: ಎರಡು ಲೇತ್, ಇಬ್ಬರು ಕೆಲಸದವರು, ಅಷ್ಟು ಕರೆಂಟ್ ಬಿಲ್ ಇರುವ ಅಂಗಡಿಯಿಂದ ಹದಿನೈದೇ ಸಾವಿರ ಬರುತ್ತದೆ ಎಂದರೆ ನಂಬಲು ಕಷ್ಟ. ತಾನಾಗಿ ಮಾಡಿಕೊಂಡ ಕಾರಿನ ಸಾಲಕ್ಕಿಂತ ಮಗುವಿನ ಹಕ್ಕು ಮುಂದು. ತಾಯಿಯ ಔಷಧಿಯನ್ನು ಮಾತ್ರ ಗಣನೆಗೆ ತೆಗೆದುಕೊಂಡಿದೆ. ಮಗುವಿನ ತಾಯಿಗೂ ಸಂಬಳವಿದೆ, ಆದ್ದರಿಂದ ಪೂರ್ತಿ ಭಾರ ತಂದೆಯ ಮೇಲಲ್ಲ. ಮಗುವಿನ ಊಟೋಪಚಾರಕ್ಕೆ ತೋರಿಸಿದ ಮೊತ್ತ ಸಹಜವಾಗಿದೆ, ಒಪ್ಪಿದೆ. ಸದ್ಯಕ್ಕೆ ತಿಂಗಳಿಗೆ ಆರು ಸಾವಿರ, ಅರ್ಜಿ ಹಾಕಿದ ದಿನದಿಂದ ಲೆಕ್ಕ; ಸ್ಕೂಲ್ ಫೀಸಿನಲ್ಲಿ ಅರ್ಧ ಬೇರೆ. ಪ್ರತಿ ತಿಂಗಳು ಹತ್ತನೇ ತಾರೀಕಿನೊಳಗೆ ತಾಯಿಯ ಬ್ಯಾಂಕ್ ಖಾತೆಗೆ ಹಾಕಬೇಕು.

ನಾವು ಕೇಳಿದ್ದು ಒಂಬತ್ತು. ಆದರೆ ತಂಗಿಯ ಕಿವಿಗೆ ಬಿದ್ದದ್ದು “ಬ್ಯಾಂಕ್ ಖಾತೆಗೆ” ಎಂಬುದೊಂದೇ. “ಅಂದ್ರೆ ನಾನು ಕೇಳ್ಬೇಕಾಗಿಲ್ಲ ಅಲ್ವಾ ಮೇಡಂ?” ಎಂದು ಹೊರಗೆ ಬಂದ ಕೂಡಲೇ ವಕೀಲೆಯನ್ನು ಕೇಳಿದಳು. “ಕೇಳ್ಬೇಕಾಗಿಲ್ಲ. ಹಾಕ್ಲಿಲ್ಲ ಅಂದ್ರೆ ನಂಗೆ ಹೇಳಿ, ವಸೂಲಿಗೆ ಅರ್ಜಿ ಹಾಕೋಣ. ಅವ್ರಿಗೆ ಫೋನ್ ಮಾಡ್ಬೇಡಿ,” ಎಂದರು ಅವರು. ಇದು ಮಧ್ಯಂತರ ಆದೇಶ, ಮುಖ್ಯ ಕೇಸು ಮುಗಿಯುವಾಗ ಮೊತ್ತ ಬದಲಾಗಬಹುದು ಎಂದೂ ಸೇರಿಸಿದರು.

ಮೆಟ್ಟಿಲಿನ ಹತ್ತಿರ ಅವನು ನಿಂತಿದ್ದ. ತಂಗಿಯ ಕಡೆ ನೋಡದೆ ನನಗೆ ಹೇಳಿದ: “ಅತ್ತಿಗೆ, ಹತ್ತನೇ ತಾರೀಕಿಗೆ ಹಾಕ್ತೀನಿ. ಇನ್ಮೇಲೆ ಫೋನ್ ಮಾಡೋದು ಬೇಡ ಅಂತ ಹೇಳಿ.”

ಕೋಪವೋ, ಅವನಿಗೂ ಆ ಫೋನಿನಿಂದ ಬಿಡುಗಡೆ ಬೇಕಾಗಿತ್ತೋ, ನನಗೆ ತಿಳಿಯಲಿಲ್ಲ. “ಹೇಳ್ತೀನಿ,” ಎಂದೆ. ಅವಳು ಅಲ್ಲೇ ಇದ್ದಳು. ಅವನು ಎರಡು ಮೆಟ್ಟಿಲು ಇಳಿದವನು ತಿರುಗಿ, “ಅವಳು ಈಗ್ಲೂ ರೊಟ್ಟಿಗೆ ಬೆಲ್ಲ ಕೇಳ್ತಾಳಾ?” ಎಂದ. ಈ ಸಲ ತಂಗಿಯೇ ಉತ್ತರ ಕೊಟ್ಟಳು: “ಕೇಳ್ತಿದ್ಲು.” ಅವನು ಉಳಿದ ಮೆಟ್ಟಿಲು ಇಳಿದು ಹೋದ.

ಬಸ್ಸಿನಲ್ಲಿ ತಂಗಿ ಕಿಟಕಿಯ ಪಕ್ಕ ಕೂತಳು. ಮನೆಗೆ ಬಂದಾಗ ಪುಟ್ಟಿ ಸ್ಕೂಲಿನಿಂದ ಬಂದು ಅಜ್ಜಿಯ ಹತ್ತಿರ ಜಡೆ ಬಿಚ್ಚಿಸಿಕೊಳ್ಳುತ್ತಿದ್ದಳು. ತಂಗಿ ಚಪ್ಪಲಿಯನ್ನೂ ಬಿಡದೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, “ಲೆಕ್ಕ ಮುಗೀತು ಪುಟ್ಟೀ. ಟೀಚರ್ ಥರ ಒಬ್ರು ಮೇಡಂ ನೋಡಿ ರೈಟ್ ಹಾಕಿದ್ರು,” ಎಂದಳು.

“ನಂದು ಜಾಸ್ತಿ ಆಗಿತ್ತಾ?”

“ಇಲ್ಲ. ಸರಿಯಾಗಿತ್ತಂತೆ.”

ಪುಟ್ಟಿ ಅಜ್ಜಿಯ ಮುಖ ನೋಡಿದಳು. ಅಮ್ಮ, “ಇನ್ಮೇಲೆ ಯಾರಾದ್ರೂ ಎಣಿಸಿದ್ರೆ ಕೈ ಮುರೀತೀನಿ,” ಎಂದು ನನ್ನನ್ನೇ ದುರುಗುಟ್ಟಿ ನೋಡಿ ಹಿಟ್ಟು ಕಲಸಲು ಎದ್ದಳು.

ಹತ್ತನೇ ತಾರೀಕು ಇನ್ನೂ ಬರಬೇಕು. ಅಲ್ಲಿಯವರೆಗೆ ನಾನು ಏನನ್ನೂ ನಂಬುವುದಿಲ್ಲ. ಇವತ್ತೂ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಯಾರೂ ದೂರಲಿಲ್ಲ.

ಇವತ್ತು ತಿಂದದ್ದು: ಅಕ್ಕಿರೊಟ್ಟಿ, ಉಪ್ಪು ಹೆಚ್ಚಾದ ಮೆಂತ್ಯ ಸೊಪ್ಪಿನ ಪಲ್ಯ, ಮೊಸರು. ಅಮ್ಮ ಹೆಂಚಿನ ಪಕ್ಕದಲ್ಲೇ ಕೂತು ಮುರಿದು ಮುರಿದು ಹಾಕಿದಳು. “ಅಜ್ಜಿ, ಇನ್ನೊಂದು ಚೂರು. ಬೆಲ್ಲದ ಜೊತೆ,” ಎಂದು ಪುಟ್ಟಿ ಕೇಳಿದಳು. ಆಮೇಲೆ ಮತ್ತೊಂದು ಚೂರು. ಎಷ್ಟು ರೊಟ್ಟಿಯಾಯಿತೋ ನನಗೆ ಗೊತ್ತಿಲ್ಲ. ಮೊದಲು ನಿದ್ದೆ ಹೋದವಳು ತಂಗಿ. ತಟ್ಟೆ ಎತ್ತುವ ಮೊದಲೇ, ಅಲ್ಲೇ ಚಾಪೆಯ ಮೇಲೆ. ಪುಟ್ಟಿ ಇನ್ನೂ ಎದ್ದು ಕೂತು ಬೆಲ್ಲದ ಬೆರಳು ಚೀಪುತ್ತಿದ್ದಳು.